ಕೊನೆಗೆ ಉಳಿಸಿಕೊಂಡ ಕಡತ

ರಷ್ಯಾ ಮೇಷ್ಟ್ರನ್ನು ನಾನು ಮೊದಲು ನೋಡಿದ್ದು ಅವರು ನಮ್ಮ ಕಾಲೇಜಿಗೆ ಸೇರಿದ ದಿನ, ಅಧ್ಯಾಪಕರ ಕೊಠಡಿಯಲ್ಲಿ. ತೆಳ್ಳನೆಯ ಆಳು, ಹೊಸ ಷರಟಿನ ಕಾಲರಿಗೆ ಅಂಗಡಿಯ ಗುಂಡುಸೂಜಿ ಇನ್ನೂ ಚುಚ್ಚಿಕೊಂಡೇ ಇತ್ತು. ಅವರ ವಿಷಯ ರಷ್ಯಾದ ಇತಿಹಾಸವೆಂದು ತಿಳಿದದ್ದೇ ತಡ, ಗಣಿತದ ಮೇಷ್ಟ್ರು ಕೆಣಕಿದರು: "ನಮ್ಮೂರಿನದೆಲ್ಲ ಓದಿ ಮುಗೀತಾ ಸಾರ್, ಅಲ್ಲೀತನಕ ಹೋಗಿದ್ದೀರಿ?"

"ಇಲ್ಲ ಸಾರ್, ಇಲ್ಲಿ ಕೂರೋಕೆ ಜಾಗ ಸಿಗಲಿಲ್ಲ," ಎಂದರು ಇವರು. ಎಲ್ಲರೂ ನಕ್ಕೆವು.

ಅವರ ಜೀವಮಾನದ ಕೆಲಸ ಒಂದೇ ಪುಸ್ತಕ. ಚಕ್ರವರ್ತಿಗಳ ಕಾಲದಲ್ಲಿ, ರಷ್ಯಾದ ನದಿದಡದ ಒಂದು ಪುಟ್ಟ ಊರಿನಲ್ಲಿ ಬೇಕರಿ ಕೆಲಸಗಾರರು ಮುಷ್ಕರ ಹೂಡಿದ್ದರು. ಮುಂದಾಳು ಒಬ್ಬ ವಿಧವೆ. ಜೊತೆಯವರನ್ನು ಪೊಲೀಸರಿಗೆ ಹಿಡಿದುಕೊಟ್ಟವಳೂ ಅವಳೇ ಎಂದು ಅಂದಿನ ಪತ್ರಿಕೆಗಳು ಬರೆದವು. ಮೇಷ್ಟ್ರಿಗೆ ನಂಬಿಕೆ ಬರಲಿಲ್ಲ. ವಿಚಾರಣೆಯಲ್ಲಿ ಅವಳು ಕೊಟ್ಟ ಹೇಳಿಕೆ ಅಲ್ಲಿನ ದಾಖಲೆ ಭಂಡಾರದಲ್ಲಿತ್ತು. ರಜೆ ಹಾಕಿ ಹೋದರು.

ಸುತ್ತಮುತ್ತಲ ಕಾಗದಗಳನ್ನೆಲ್ಲ ಓದಿ, ಮುಖ್ಯ ಕಡತಕ್ಕೆ ಕೊನೆಯಲ್ಲಿ ಕೈಹಾಕುವುದು ಅವರು ಕಲಿತ ಪದ್ಧತಿ. ಮೊದಲೇ ಓದಿದರೆ ಮನಸ್ಸು ಒಂದು ಕಡೆಗೆ ವಾಲುತ್ತದಂತೆ. ಕೊನೆಯ ದಿನ ಹೋದರೆ ಓದುವ ಕೋಣೆಗೆ ಬೀಗ. ಕೊಳಾಯಿ ಒಡೆದು ನೀರು ನುಗ್ಗಿತ್ತು. ಮಾರನೆಯ ದಿನ ವಿಮಾನ. ಮತ್ತೊಮ್ಮೆ ರಜೆ ಸಿಗುವ ಹೊತ್ತಿಗೆ, ಆ ಭಂಡಾರದವರು ಹೊರದೇಶದವರಿಗೆ ಬಾಗಿಲನ್ನೇ ಮುಚ್ಚಿದ್ದರು. ಬರೆದ ಅರ್ಜಿಗಳಿಗೆಲ್ಲ ಒಂದೇ ಉತ್ತರ: ಸದ್ಯಕ್ಕಿಲ್ಲ. ಇತ್ತ ವಿದ್ಯಾರ್ಥಿಗಳಿಲ್ಲವೆಂದು ಕಾಲೇಜು ಅವರ ವಿಷಯವನ್ನೇ ಕೈಬಿಟ್ಟಿತು.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ನನ್ನೆದುರೇ ಗದರಿದರು: "ಆ ವಿಧವೆ ಏನು ಹೇಳಿದಳೋ ಗೊತ್ತಿಲ್ಲ ಅಂತ ಬರೆದು ಅಚ್ಚಿಗೆ ಕೊಟ್ಟುಬಿಡಿ ಅಂದ್ರೆ ಕೇಳಲ್ಲ. ನೀವಾದ್ರೂ ಹೇಳಿ ಅಣ್ಣ!"

"ಕಡತ ಅಲ್ಲಿದೆ ಕಣೇ," ಎಂದರು ಮೇಷ್ಟ್ರು. "ಗೊತ್ತಿಲ್ಲ ಅಂತ ಹೇಗೆ ಬರೀಲಿ? ನಾನು ಓದಲಿಲ್ಲ, ಅಷ್ಟೆ."



ಕೊನೆಯ ಅಧ್ಯಾಯವನ್ನು ಅವರು ಎರಡು ಬಗೆಯಾಗಿ ಬರೆದಿಟ್ಟುಕೊಂಡಿದ್ದಾರೆ. ಒಂದರಲ್ಲಿ ಆ ಹೆಂಗಸು ಜೊತೆಯವರನ್ನು ಹಿಡಿದುಕೊಟ್ಟಳು, ಇನ್ನೊಂದರಲ್ಲಿ ಇಲ್ಲ. ಈಗ ದಿನವೂ ಊಟದ ಮೇಜಿನ ಮೇಲೆ ಎರಡನ್ನೂ ಹರಡಿಕೊಂಡು ತಿದ್ದುತ್ತಾರೆ. ಒಂದನ್ನೇ ತಿದ್ದಿದರೆ ಪಕ್ಷಪಾತವಾಗುತ್ತದಂತೆ. ತಟ್ಟೆ ಇಡುವ ಹೊತ್ತಿಗೆ ಕಾಗದಗಳನ್ನೆತ್ತಿ ಕಿಟಕಿಯ ಕಟ್ಟೆಯ ಮೇಲಿಡುತ್ತಾರೆ. ಊಟವಾದ ಮೇಲೆ ಮೇಜು ಒರೆಸಿ ಮತ್ತೆ ಹರಡಿಕೊಳ್ಳುತ್ತಾರೆ.