ಭಾವ ದೂಡಿದ ಹೈಬ್ರಿಡ್ ಕಾರು

ಯಾರೇನೇ ಹೇಳಲಿ, ಅಷ್ಟು ಜಾಣ ಕಾರನ್ನು ನಾನು ಇನ್ನೊಂದು ಕಂಡಿಲ್ಲ. ಎರಡೇ ಸೀಟಿನ ಆ ಜಪಾನಿ ಹೈಬ್ರಿಡ್ ಸಿಡ್ನಿಯ ಟೂಂಗಾಬಿಯಿಂದ ಮೆಲ್ಬರ್ನ್‌ವರೆಗೆ ಒಂದೇ ಟ್ಯಾಂಕ್ ಪೆಟ್ರೋಲಿನಲ್ಲಿ ಓಡಿದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಅಲ್ಲಿನ ವೆರಿಬೀ ಬಡಾವಣೆಯಲ್ಲಿದ್ದ ಭಾವನನ್ನು ಕೂರಿಸಿಕೊಂಡು ಒಂದು ರೌಂಡ್ ಹೊರಟೆ. ಮೊದಲ ಕೆಂಪು ದೀಪಕ್ಕೇ ಎಂಜಿನ್ ನಿಂತಿತು. ಪೆಟ್ರೋಲ್ ಉಳಿಸಲು ಅದು ತಾನಾಗಿ ನಿಲ್ಲುತ್ತದೆಂದು ನಾನು ಹೇಳುವುದರೊಳಗೆ ಭಾವ ಇಳಿದೇಬಿಟ್ಟರು.

"ಆಫ್ ಆಯ್ತಲ್ಲ ಮಾರಾಯಾ! ನಾನು ದೂಡ್ತೇನೆ, ನೀನು ಸ್ಟಾರ್ಟ್ ಮಾಡು!"

ಉಡುಪಿಯಲ್ಲಿ ಹಳೇ ಕಾರು ದೂಡಿ ಬೆಳೆದವರು ಅವರು. ಹಸಿರು ದೀಪ ಬಂತು, ಗೇರ್ ಹಾಕಿದೆ, ಎಂಜಿನ್ ತಾನೇ ಎದ್ದಿತು. ತಮ್ಮ ತೋಳ್ಬಲವೆಂದು ಭಾವ ರಸ್ತೆಯಲ್ಲೇ ಕುಣಿದರು. ಓಡಿ ಬಂದು ಹತ್ತಿದ ಮೇಲೆ ಗುಟ್ಟು ಹೇಳಿದೆ. ಕೂತಲ್ಲೇ ಇನ್ನಷ್ಟು ಕುಣಿದರು. ಆಮೇಲೆ ಪ್ರತಿ ಸಿಗ್ನಲ್‌ನಲ್ಲೂ ಕೆಂಪು ದೀಪವೇ ಬೀಳಲೆಂದು ಇಬ್ಬರೂ ಹಾರೈಸಿದೆವು.

"ನಾಳೆಯೇ ನಾನೂ ಒಂದು ಬುಕ್ ಮಾಡ್ತೇನೆ," ಎಂದರು ಭಾವ.

ಮನೆಗೆ ಮರಳಿದಾಗ ಅಕ್ಕ ಮತ್ತು ಮೂವರು ಮಕ್ಕಳು ಶೂ ಹಾಕಿಕೊಂಡು, ರೌಂಡ್ ಹೋಗಲು ಗೇಟಿನಲ್ಲಿ ಸಾಲಾಗಿ ನಿಂತಿದ್ದರು. ಭಾವ ಅವರನ್ನು ನೋಡಿದರು, ಕಾರಿನ ಎರಡು ಸೀಟುಗಳನ್ನು ನೋಡಿದರು.

ಕೆಲವೇ ವರ್ಷಗಳಲ್ಲಿ ಆ ಮಾಡೆಲ್ ನಿಂತುಹೋಯಿತು. ಏಕೆ ಮಾರಾಟವಾಗಲಿಲ್ಲವೆಂದು ಪತ್ರಿಕೆಗಳು ಪುಟಗಟ್ಟಲೆ ಬರೆದವು. ನನಗೆ ಆ ಗೇಟಿನಲ್ಲೇ ಗೊತ್ತಾಗಿತ್ತು.