ಮುನಿಯಪ್ಪನವರ ಸ್ಪೀಕರ್, ನನ್ನ ಕಾಲಡಿಯ ಡಬ್ಬ

ಗೆಳೆಯರೇ, ಇವತ್ತು ಯಲಹಂಕದ ಗಣೇಶನ ಪೆಂಡಾಲಿನಲ್ಲಿ ನಮ್ಮ ಆರ್ಕೆಸ್ಟ್ರಾ ಇತ್ತು. ಗಿಟಾರಿನ ಸ್ವರ ಇಂಗ್ಲಿಷ್ ಕ್ಯಾಸೆಟ್ಟುಗಳಲ್ಲಿ ಕೇಳುವಂತೆ ಕರಕರ ಅನ್ನಲಿ ಎಂದು, ಕಾಲಲ್ಲಿ ಒತ್ತುವ ಹೊಸ ಡಬ್ಬವೊಂದನ್ನು ಒಯ್ದಿದ್ದೆ. ಮೊದಲ ಹಾಡಿಗೇ ಒತ್ತಿದೆ. ಮೈಕ್‌ಸೆಟ್ಟಿನ ಮುನಿಯಪ್ಪ ಪಕ್ಕದ ಕೋಗಿಲು ಊರಿನವರು. ಓಡಿಬಂದು ಆಂಪ್ಲಿಫೈಯರಿನ ಸದ್ದನ್ನು ಪೂರ್ತಿ ಇಳಿಸಿಬಿಟ್ಟರು.

“ನಿಲ್ಸಿ ಸಾ! ಸ್ಪೀಕರ್ ಅರಿದೋಯ್ತದೆ!”

“ಏನೂ ಆಗಲ್ಲ ಮುನಿಯಪ್ಪನೋರೇ. ಈ ಡಬ್ಬದ ಸದ್ದೇ ಹಂಗೆ.”

“ಚೆಂದಾಗಿರೋ ಸದ್ದನ್ನ ಬೇಕಂತ ಯಾಕ್ ಸಾ ಕೆಡಿಸ್ತೀರಾ?”

ಮುಂದಿನ ಮೂರು ಹಾಡಿಗೂ ನಾನು ಒತ್ತಿದೆ, ಅವರು ಇಳಿಸಿದರು. ಕೊನೆಗೆ ಗಣೇಶನ ಮೇಲೆ ಆಣೆ ಮಾಡಿಸಿದೆ: ಕರಕರ ಅಂದರೆ ಮುಟ್ಟಕೂಡದು.

ಕೊನೆಯ ಹಾಡಿಗೆ ಕರಕರ ಭರ್ಜರಿಯಾಗಿ ಬಂತು. ನಿಲ್ಲಿಸಲು ಮತ್ತೆ ಒತ್ತಿದೆ. ನಿಲ್ಲಲಿಲ್ಲ. ಇನ್ನೊಮ್ಮೆ ತುಳಿದೆ. ನಿಲ್ಲಲಿಲ್ಲ. ಡಬ್ಬವನ್ನೇ ಕಿತ್ತು ಪಕ್ಕಕ್ಕಿಟ್ಟು, ಗಿಟಾರನ್ನು ನೇರ ಆಂಪ್ಲಿಫೈಯರಿಗೆ ಸಿಕ್ಕಿಸಿದೆ. ಆಗಲೂ ಕರಕರ!

ಗಾಬರಿಯಿಂದ ಮುನಿಯಪ್ಪನವರ ಕಡೆ ನೋಡಿದೆ. ಅವರು ಕೈಕಟ್ಟಿ ನಿಂತು ನಗುತ್ತಿದ್ದರು.

“ಇಂಗೇ ಅಲ್ವಾ ಸಾ ಇರ್ಬೇಕು? ನೀವ್ ಬಾರ್ಸಿ, ನಾನ್ ಮುಟ್ಟಲ್ಲ.”

ಸ್ಪೀಕರ್ ನಿಜವಾಗಿ ಹರಿದಿದೆ ಎಂದು ಈಗ ಯಾವ ಬಾಯಲ್ಲಿ ಹೇಳಲಿ? ಅಷ್ಟರಲ್ಲಿ ಜನ ಒನ್ಸ್ ಮೋರ್ ಅಂದರು.