ಹಳಿಯಾಚೆಯ ನಾನೂರು ಮೀಟರ್

ಹತ್ತು ವರ್ಷ ಸೇಡಂನ ಶಾಲೆಯಲ್ಲಿ ಭೂಗೋಳ ಕಲಿಸಿದ ಮೇಲೆ ನನಗೆ ಸೊಕ್ಕು ಬಂದು, ಜಿಐಎಸ್‌ನಲ್ಲಿ ಎಂ.ಎಸ್ಸಿ. ಮಾಡಲು ಹೊರಟೆ. ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ, ಆ ನಕ್ಷೆಯನ್ನೇ ಪ್ರಶ್ನೆ ಕೇಳುವ ವಿದ್ಯೆ ಅದು. ತರಗತಿಯಲ್ಲಿ ಎಲ್ಲರೂ ನನಗಿಂತ ಚಿಕ್ಕವರು, ನನ್ನನ್ನು ಸರ್ ಎನ್ನುತ್ತಿದ್ದರು. ಮೊದಲ ತಿಂಗಳಲ್ಲೇ ಆ ಸರ್‌ನ ಮಾನ ಹೋಯಿತು. ಅಕ್ಷಾಂಶ ಬರೆಯುವ ಕಡೆ ರೇಖಾಂಶ ಬರೆದು, ಮುಧೋಳದ ಬೋರ್‌ವೆಲ್‌ಗಳನ್ನೆಲ್ಲ ಉತ್ತರ ಧ್ರುವದ ಹತ್ತಿರದ ಹಿಮದಲ್ಲಿ ಕೊರೆಸಿಬಿಟ್ಟಿದ್ದೆ.

"ಅಲ್ಲಿ ನೀರು ತಣ್ಣಗ ಇರ್ತಾವ ಬಿಡ್ರಿ ಸರ್," ಎಂದಳು ಪಕ್ಕದ ಬೆಂಚಿನ ಹುಡುಗಿ. ನಾನೂ ನಕ್ಕೆ, ನಗದೆ ಬೇರೆ ದಾರಿ ಇರಲಿಲ್ಲ.

ಎರಡನೇ ವರ್ಷದ ಪ್ರಾಜೆಕ್ಟಿಗೆ ರೇಷನ್ ಅಂಗಡಿಗಳನ್ನು ಆರಿಸಿಕೊಂಡೆ. ವಾಡಿ, ಚಿತ್ತಾಪುರದ ಸುತ್ತಮುತ್ತ ಯಾವ ಮನೆಗೆ ಅಂಗಡಿ ಎಷ್ಟು ದೂರ ಎಂಬ ನಕ್ಷೆ. ಪ್ರತಿ ಅಂಗಡಿಯ ಸುತ್ತ ಒಂದು ಕಿಲೋಮೀಟರಿನ ವೃತ್ತ ಎಳೆದೆ. ಒಳಗಿನ ಮನೆಗೆ ಹಸಿರು, ಹೊರಗಿನದಕ್ಕೆ ಕೆಂಪು. ಸಂಜೆಯೊಳಗೆ ಕೆಲಸ ಮುಗಿಯಿತು. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಬಣ್ಣದ ಪ್ರತಿ ತೆಗೆಸಿ, ಪಡಿತರದ ಕೆಲಸ ನೋಡುವ ಅಧಿಕಾರಿಗೂ ಒಂದು ಕೊಟ್ಟು ಬಂದೆ. ಅವರು ಚಹಾ ತರಿಸಿದರು.

ಮೂರು ವಾರದ ಮೇಲೆ ವಾಡಿಯಿಂದ ನನ್ನ ಸೋದರತ್ತೆಯ ಫೋನ್ ಬಂತು.

"ಅಳ್ಯಾ, ನಿನ್ನ ನಕ್ಷಾದಾಗ ನಂಗ ರೆಕ್ಕಿ ಹಚ್ಚೀಯೇನು?"

ಅತ್ತೆಯ ಓಣಿ ರೈಲು ಹಳಿಯ ಈಚೆ, ರೇಷನ್ ಅಂಗಡಿ ಹಳಿಯ ಆಚೆ. ತಿಂಗಳಿಗೊಂದು ದಿನ ನಮ್ಮ ಕಡೆಗೇ ಬಂದು ಅಕ್ಕಿ ಹಂಚಿರಿ ಎಂದು ಆಕೆ ಓಣಿಯವರಿಂದೆಲ್ಲ ಸಹಿ ಹಾಕಿಸಿ ಅರ್ಜಿ ಕೊಟ್ಟಿದ್ದಳು. ಅದು ವಾಪಸು ಬಂದಿತ್ತು. ಅಂಗಡಿ ನಾನೂರು ಮೀಟರ್ ದೂರದಲ್ಲೇ ಇದೆ, ಜೊತೆಗಿರುವ ನಕ್ಷೆ ನೋಡಿ ಎಂದು ಬರೆದಿತ್ತು. ಆ ನಕ್ಷೆಯ ಮೂಲೆಯಲ್ಲಿ ನನ್ನ ಹೆಸರು ದಪ್ಪಕ್ಷರದಲ್ಲಿ ಕುಳಿತಿತ್ತು.

"ನಾನೂರು ಮೀಟರ್ ಸುಳ್ಳಲ್ಲ ಅತ್ತಿ, ಅಳತಿ ಮಾಡೀನಿ," ಎಂದೆ.

"ಸುಳ್ಳಂತ ಯಾರಂದ್ರು? ಶನಿವಾರ ಬಾ. ಈ ಸಲ ನಮ್ಮ ಮನಿ ಅಕ್ಕಿ ನೀನೇ ಹೊತ್ಕೊಂಡು ಬಾ."

ಹೋದೆ. ಹಳಿಯ ಮೇಲೆ ಮಾಲಗಾಡಿ ನಿಂತಿತ್ತು, ಅದರಾಚೆ ಇನ್ನೊಂದು. ಡಬ್ಬಿಗಳ ಸಂದಿಯಿಂದ ಅಂಗಡಿಯ ಬಾಗಿಲು ಕಾಣುತ್ತಿತ್ತು. ಅಲ್ಲಿಗೆ ಮುಟ್ಟಬೇಕಾದರೆ ಮೇಲ್ಸೇತುವೆಯ ತನಕ ನಡೆದು, ಮೆಟ್ಟಿಲು ಹತ್ತಿ, ಇಳಿದು, ಮತ್ತೆ ಅಷ್ಟೇ ದೂರ ಹಿಂದಕ್ಕೆ ನಡೆಯಬೇಕು. ಬರಿಗೈಯಲ್ಲಿ ಹೋಗುವಾಗ ಏನೂ ಅನಿಸಲಿಲ್ಲ. ಬರುವಾಗ ಹೆಗಲ ಮೇಲೆ ಇಪ್ಪತ್ತು ಕಿಲೋ ಅಕ್ಕಿ. ಹದಿನಾಲ್ಕನೇ ಮೆಟ್ಟಿಲಿಗೇ ಚೀಲ ಇಳಿಸಿದೆ. ಅತ್ತೆ ಹಿಂದೆ ಛತ್ರಿ ಹಿಡಿದು ಆರಾಮಾಗಿ ಬರುತ್ತಿದ್ದಳು.

"ಯಾಕೋ ಅಳ್ಯಾ, ಹಸಿರು ಬಣ್ಣದಾಗೇ ದಣದಿ?"

ನನಗೆ ಸಿಟ್ಟು ಬಂತು, ಆಕೆಯ ಮೇಲಲ್ಲ. ಹಳಿ ನನ್ನ ನಕ್ಷೆಯಲ್ಲೂ ಇತ್ತು, ಚಂದ ಕಾಣಲೆಂದು ನಾನೇ ಕಪ್ಪು ಗೆರೆ ಹಾಕಿದ್ದೆ. ಆದರೆ ವೃತ್ತಕ್ಕೆ ಗೆರೆ ಅಡ್ಡ ಬರುವುದಿಲ್ಲ. ಚಿಕ್ಕಂದಿನಲ್ಲಿ ರಜೆಗೆ ಬಂದಾಗಲೆಲ್ಲ ಇದೇ ಮೆಟ್ಟಿಲು ಹತ್ತಿಳಿದವನು, ಮೌಸ್ ಕೈಗೆ ಬಂದದ್ದೇ ಎಲ್ಲ ಮರೆತಿದ್ದೆ. ಭಾಳ ನಾಚಿಕೆಯಾಯಿತು.

ಮನೆ ಮುಟ್ಟುವಷ್ಟರಲ್ಲಿ ನಲವತ್ತೆರಡು ನಿಮಿಷ. ಪಕ್ಕದ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಓಣಿಯವರೆಲ್ಲ ಆಕೆಗೆ ಆಯಿ ಎನ್ನುತ್ತಾರೆ. ಶಹಾಬಾದಿನಲ್ಲಿ ವರ್ಷಗಟ್ಟಲೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕೆಲಸ ಮಾಡಿ ಮಂಡಿ ಕಳೆದುಕೊಂಡವಳು. ಕಾರ್ಡಿನಲ್ಲಿ ಆಕೆಯ ಹೆಸರೊಂದೇ. ಮೆಟ್ಟಿಲು ಹತ್ತಲಾರದೆ ಮೂರು ತಿಂಗಳಿಂದ ಆಕೆ ಅಕ್ಕಿ ತಂದಿಲ್ಲ, ಓಣಿಯವರು ಕೊಟ್ಟದ್ದು ಉಣ್ಣುತ್ತಾಳೆ ಎಂದು ಅತ್ತೆ ಹೇಳಿದಳು.

"ನೀನೇ ತಂದು ಕೊಡಬಾರದೇನು?" ಎಂದೆ.

"ಅಕ್ಕಿ ತರ್ತೀನೋ. ಆಕಿ ಹೆಬ್ಬಟ್ಟ ಹ್ಯಾಂಗ ತರ್ಲಿ?"

ಕಾರ್ಡಿನವರೇ ಬಂದು ಅಂಗಡಿಯ ಯಂತ್ರಕ್ಕೆ ಹೆಬ್ಬೆರಳು ಒತ್ತಬೇಕು. ಒತ್ತದಿದ್ದರೆ ಅಕ್ಕಿ ಇಲ್ಲ. ಇಂಥ ಆಯಿಯ ಮನೆಗೆ ನಾನು ಹಸಿರು ಹಚ್ಚಿ ಕೂತಿದ್ದೆ.

ವೈವಾಕ್ಕೆ ಹತ್ತು ದಿನವಿತ್ತು. ವೃತ್ತದಲ್ಲೇ ಪಾಸಾಗ್ತೀರಿ, ಸುಮ್ನೆ ಯಾಕೆ ಕೆದಕ್ತೀರಿ ಎಂದರು ನನ್ನ ಗೈಡ್. ನಾನು ವೃತ್ತಗಳನ್ನೆಲ್ಲ ಅಳಿಸಿ, ಜನ ನಡೆಯುವ ದಾರಿಗಳನ್ನು ಒಂದೊಂದೇ ಎಳೆದೆ. ಮೀಟರಿನ ಬದಲು ನಿಮಿಷ. ಬರಿಗೈಗೆ ಒಂದು ಲೆಕ್ಕ, ಚೀಲಕ್ಕೆ ಇನ್ನೊಂದು. ನಿಮಿಷ ಎಣಿಸಲು ಮತ್ತೆ ಎರಡು ದಿನ ವಾಡಿಗೆ ಹೋದೆ. ಸುದ್ದಿ ಓಣಿಗೆಲ್ಲ ಹಬ್ಬಿತ್ತು. "ಸರ, ನಮ್ಮ ಚೀಲಾನೂ ಅಳತಿ ಮಾಡ್ರಿ," ಎಂದು ಹೆಂಗಸರು ಸರದಿಯಲ್ಲಿ ನಿಂತರು. ಪುಕ್ಕಟೆ ಹಮಾಲ ಸಿಕ್ಕರೆ ಯಾರು ಬಿಡುತ್ತಾರೆ? ಏಳು ಮನೆಯ ಅಕ್ಕಿ ಹೊತ್ತೆ. ವಿಜ್ಞಾನಕ್ಕೆ ಇಷ್ಟು ಬೆನ್ನು ನೋಯುತ್ತದೆಂದು ಯಾವ ಪಠ್ಯದಲ್ಲೂ ಓದಿರಲಿಲ್ಲ.

ಹೊಸ ನಕ್ಷೆಯಲ್ಲಿ ಅತ್ತೆಯ ಓಣಿ ಪೂರ್ತಿ ಕೆಂಪಾಯಿತು. ಅತ್ತೆಯನ್ನೂ ಕರೆದುಕೊಂಡು ಅಧಿಕಾರಿಯ ಮುಂದೆ ಹೋಗಿ ಕೂತೆ.

"ಮೊದಲಿನ ನಕ್ಷಾನೂ ನಿಮ್ದೇ ಅಲ್ಲೇನ್ರಿ?" ಎಂದರು.

"ಹೌದ್ರಿ. ಅದು ತಪ್ಪು ಅದ." ಈ ಸಲ ಚಹಾ ಬರಲಿಲ್ಲ.

ಅವರು ಎರಡೂ ನಕ್ಷೆಗಳನ್ನು ಅಕ್ಕಪಕ್ಕ ಹರಡಿ, ನಾನೂರು ಮೀಟರಿಗೆ ನಲವತ್ತು ನಿಮಿಷ ಯಾರಾದರೂ ನಂಬುತ್ತಾರೆಯೇ ಎಂದು ಕೇಳಿದರು. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು, "ನೀವೇ ಒಮ್ಮಿ ಬರ್ರಿ ಸಾಹೇಬ್ರ. ಚೀಲ ನಾವು ಕೊಡ್ತೀವಿ."

ಅವರು ನಕ್ಕು, ಅರ್ಜಿ ಇಟ್ಟುಕೊಂಡರು. ವೈವಾದಲ್ಲಿ ನಾನು ಪಾಸಾದೆ. ಅರ್ಜಿಯ ಸುದ್ದಿ ಮಾತ್ರ ಎರಡು ತಿಂಗಳು ಬರಲಿಲ್ಲ. ಅಷ್ಟೂ ದಿನ ನಾನು ಅತ್ತೆಯ ಫೋನ್ ಎತ್ತಲು ಹೆದರುತ್ತಿದ್ದೆ.

ಮೂರನೇ ತಿಂಗಳು ಅರ್ಜಿ ಮಂಜೂರಾಗಿ, ಅಂಗಡಿಯವರು ಓಣಿಯ ಸಮುದಾಯ ಭವನಕ್ಕೇ ಬಂದು ತಕ್ಕಡಿ, ಯಂತ್ರ ಇಟ್ಟರು. ಆಯಿ ಗೋಡೆ ಹಿಡಿದುಕೊಂಡು ಬಂದಳು. ಕಲ್ಲು ಉಜ್ಜಿ ಉಜ್ಜಿ ಬೆರಳ ಗೆರೆಗಳು ಸವೆದಿದ್ದವು; ಯಂತ್ರ ಎರಡು ಸಲ ಒಲ್ಲೆ ಎಂದಿತು. ಸೆರಗಿಗೆ ಒರೆಸಿಕೊಂಡು ಮೂರನೇ ಸಲ ಒತ್ತಿದಳು. ಚೀಟಿ ಹೊರಬಂತು, ಒಬ್ಬಳ ಪಾಲಿನ ಐದು ಕಿಲೋ ಅಕ್ಕಿ ತೂಗಿದರು. ರೂಢಿಯಾಗಿತ್ತಲ್ಲ, ಚೀಲಕ್ಕೆ ನಾನು ಕೈ ಚಾಚಿದೆ.

"ಬಿಡೋ ಮಗನ," ಎಂದಳು ಆಯಿ. "ಇಷ್ಟು ದೂರ ನಾ ಒಯ್ತೀನಿ."

ಚೀಲವನ್ನು ಸೊಂಟಕ್ಕೇರಿಸಿಕೊಂಡು ಹೊರಟಳು. ದಾರಿಯಲ್ಲಿ ಒಂದು ಕಟ್ಟೆಯ ಮೇಲೆ ಕೂತು ಎದ್ದಳು. ಆಕೆ ಮನೆಯ ಬಾಗಿಲು ದಾಟುವ ತನಕ ನಾನು ಬರಿಗೈಯಲ್ಲಿ ಹಿಂದೆ ನಡೆದೆ.